ನೆರಳೂ ಬೆಳಕೂ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಈಸ್ಟ್ ಬೇ ಪ್ರಾದೇಶಿಕ ಉದ್ಯಾನ ಸಂಸ್ಥೆಯೊಂದಿದೆ. 1934ರ ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿಯೂ ಅಲ್ಲಿಯ ಜನರು ಮತ ನೀಡಿ, ತಮ್ಮ ಮೇಲೆ ತಾವೇ ತೆರಿಗೆ ವಿಧಿಸಿಕೊಂಡು ಕಟ್ಟಿದ ಸಂಸ್ಥೆಯಿದು. ತನಗೆ ಬೇಕಾದ ವಿದ್ಯುತ್ತನ್ನು ಸೂರ್ಯನಿಂದಲೇ ಪಡೆಯಲು ಸಂಕಲ್ಪಿಸಿದಾಗ ಅದು ಆಯ್ದುಕೊಂಡುದು ವಾಹನಗಳು ನಿಲ್ಲುವ ಬಯಲನ್ನು. 2017ರ ವೇಳೆಗೆ ಶ್ಯಾಡೋ ಕ್ಲಿಫ್ಸ್ ಉದ್ಯಾನದಲ್ಲಿ ಸೌರಫಲಕಗಳ ಚಪ್ಪರವೆದ್ದಿತು. ಕೆಳಗೆ ವಾಹನಗಳಿಗೆ ನೆರಳು, ಮೇಲೆ 1.2 ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗರ!

ಇದನ್ನು ಓದಿದಂದಿನಿಂದ ನನ್ನ ಮನಸ್ಸು ನಮ್ಮ ಗಡಿನಾಡಿನ ಶಾಲೆಯತ್ತ ಹರಿಯುತ್ತಿದೆ. ಸೌರಫಲಕಗಳಿಗಾಗಿ ಅಂಗಳದ ಹೊಂಗೆಯನ್ನು ಕಡಿಯಬೇಕೆಂಬ ಸಲಹೆ ಬಂದಿದೆ. ಆ ಹೊಂಗೆಯಡಿಯಲ್ಲಿಯೇ ನಮ್ಮ ಮಕ್ಕಳು ಕನ್ನಡದ ಕಾಗುಣಿತ ಕಲಿಯುವುದು. ದಕ್ಷಿಣಕ್ಕೆ ಮುಖಮಾಡಿದ ಮಾಡಾದರೋ ದಿನವಿಡೀ ಬಿಸಿಲಿಗೆ ಸುಮ್ಮನೆ ಕಾಯುತ್ತಿದೆ. ಬೆಳಕು ಬೇಕು, ನಿಜ. ಅದಕ್ಕಾಗಿ ನೆರಳನ್ನು ಬಲಿಗೊಡಬೇಕಾಗಿಲ್ಲವೆಂದು ಪಾಲಕರ ಸಭೆಯಲ್ಲಿ ಬಿನ್ನವಿಸಲಿದ್ದೇನೆ.