ಬೆಲೆ ಎಂಬ ಮಾತು

ನಮ್ಮ ನೊಣವಿನಕೆರೆಯಲ್ಲಿ ಇಬ್ಬರು ಎದುರಾದರೆ ಕುಶಲ ಕೇಳುವುದಕ್ಕೂ ಮೊದಲು ಬರುವ ಮಾತೊಂದಿದೆ: ‘ಕೊಬ್ಬರಿ ಎಷ್ಟಾಯ್ತಂತೆ?’ ತಿಪಟೂರು ಮಾರುಕಟ್ಟೆಯಲ್ಲಿ ಹರಾಜಾದ ದಿನವಂತೂ ಟೀ ಅಂಗಡಿ, ಬಸ್ ಸ್ಟ್ಯಾಂಡು, ಕೆರೆ ಏರಿ, ಎಲ್ಲಿ ಹೋದರೂ ಅದೇ. ಮದುವೆ ಮನೆಯ ಪಂಕ್ತಿಯಲ್ಲಿ ಎಲೆಗೆ ಪಾಯಸ ಬೀಳುವಷ್ಟರಲ್ಲಿ ಕ್ವಿಂಟಲ್ ಲೆಕ್ಕ ಮುಗಿದಿರುತ್ತದೆ. ಅದರಲ್ಲಿ ತಪ್ಪೇನಿಲ್ಲ. ಮಗಳ ಕಾಲೇಜಿನ ಫೀಸು, ಸೊಸೈಟಿ ಸಾಲ, ಬೋರ್‌ವೆಲ್ ರಿಪೇರಿ, ಎಲ್ಲಕ್ಕೂ ಆ ಒಂದು ಅಂಕಿಯೇ ಆಧಾರ.

ಕೊಬ್ಬರಿಯನ್ನು ಮಂಡಿಯಲ್ಲಿ ಇಳಿಸಿ ಬರುತ್ತೇವೆ, ಬೆಲೆ ಎಂಬ ಮಾತನ್ನು ಮಾತ್ರ ಮನೆಗೆ ಹೊತ್ತು ತರುತ್ತೇವೆ. ‘ಈ ಮನೇಲಿ ನನ್ನ ಮಾತಿಗೆ ಬೆಲೆ ಇಲ್ಲ ಕಣವ್ವಾ’ ಎಂದು ಅತ್ತೆ ನೆರೆಮನೆಯವಳ ಹತ್ತಿರ ಕಣ್ಣೊರೆಸಿಕೊಳ್ಳುತ್ತಾಳೆ. ಅದೇ ಸಂಜೆ ಸೊಸೆ ಹಿತ್ತಲಲ್ಲಿ ನಿಂತು ತವರಿಗೆ ಫೋನ್ ಮಾಡಿ ಅಕ್ಷರಕ್ಷರ ಅದನ್ನೇ ಹೇಳುತ್ತಾಳೆ. ಇಬ್ಬರ ನೋವೂ ಒಂದೇ. ಪರಸ್ಪರ ಹೇಳಿಕೊಂಡಿದ್ದರೆ ಅರ್ಧ ಇಳಿದುಹೋಗುತ್ತಿತ್ತೇನೋ.

ನನ್ನ ದೊಡ್ಡಪ್ಪನ ವಿಷಯ ಹೇಳಬೇಕು. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ. ಮಾರುಕಟ್ಟೆ ಅದಕ್ಕಿಂತ ಸಾವಿರಾರು ರೂಪಾಯಿ ಕೆಳಗೆ ಜಾರಿತ್ತು. ಆ ದಿನಗಳಲ್ಲಿ ದೊಡ್ಡಪ್ಪ ಜಗಲಿಗೆ ಬರುವುದನ್ನೇ ಬಿಟ್ಟರು. ತುತ್ತು ಇಳಿಯದು, ರಾತ್ರಿ ನಿದ್ದೆ ಹತ್ತದು. ‘ರೇಟು ಬಿದ್ದೋಯ್ತು’ ಎನ್ನುತ್ತಿದ್ದವರು ಒಂದು ದಿನ ‘ನಾನೇ ಬಿದ್ದೋದೆ ಕಣಪ್ಪಾ’ ಎಂದಾಗ ನನಗೆ ಎದೆ ಧಸಕ್ಕೆಂದಿತು. ಕೊಬ್ಬರಿಯ ರೇಟು ಮನುಷ್ಯನ ರೇಟಾಗಿಬಿಟ್ಟಿತ್ತು.

ದೊಡ್ಡಮ್ಮ ಬುದ್ಧಿ ಹೇಳಲಿಲ್ಲ, ‘ಎಲ್ರಿಗೂ ಇದ್ದಿದ್ದೇ’ ಎಂದು ತಳ್ಳಿಹಾಕಲೂ ಇಲ್ಲ. ಸಂಜೆ ಕಾಫಿ ತಂದು ಪಕ್ಕದಲ್ಲಿ ಸುಮ್ಮನೆ ಕೂರುತ್ತಿದ್ದರು. ನಾಲ್ಕೈದು ದಿನ ಹಾಗೇ ಕಳೆಯಿತು. ಆಮೇಲೊಂದು ದಿನ ಮೊಮ್ಮಗನನ್ನು ಕರೆದು, ‘ಕಾಯಿ ಒಣಗಿದ್ದು ಹೆಂಗೆ ಗೊತ್ತಾಗುತ್ತೆ ಅಂತ ತಾತನ್ನ ಕೇಳು’ ಎಂದರು. ದೊಡ್ಡಪ್ಪ ಎದ್ದರು. ಹುಡುಗನ ಕೈ ಹಿಡಿದು ಅಟ್ಟ ಹತ್ತಿದರು.

ಅಟ್ಟದ ಮಾತು ಬಂದ ಮೇಲೆ ಅದನ್ನೂ ಹೇಳಿಬಿಡುತ್ತೇನೆ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೇರಿಸಿ ಒಂಬತ್ತು ತಿಂಗಳಿಂದ ವರ್ಷದವರೆಗೆ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ತಾನಾಗಿ ಚಿಪ್ಪು ಬಿಡಬೇಕು. ಅವಸರಪಟ್ಟು ಒಡೆದರೆ ಹಸಿ, ಸರಿಯಾಗಿ ಒಣಗದಿದ್ದರೆ ಕೌಟು. ಕಾಲ ಕೂಡಿಬಂದ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗಿನ ಉಂಡೆ ಲೊಟಲೊಟ ಎನ್ನುತ್ತದೆ. ಕೊಬ್ಬರಿ ಒಡೆಯಲು ಬರುವ ಹೆಣ್ಣುಮಕ್ಕಳು ಚಿಪ್ಪನ್ನಷ್ಟೇ ಸೀಳಿ, ಉಂಡೆಗೆ ಒಂದು ಗೀರೂ ಬೀಳದಂತೆ ತೆಗೆಯುತ್ತಾರೆ. ಮನಸ್ಸು ಮುಚ್ಚಿಕೊಂಡವರ ಹತ್ತಿರ ಮಾತು ತೆಗೆಯುವುದಕ್ಕೂ ಅಂಥದೇ ಕೈ ಬೇಕು.

ಮಕ್ಕಳ ವಿಷಯದಲ್ಲಿ ನಮಗೆ ಅಟ್ಟದ ತಾಳ್ಮೆ ಇರುವುದಿಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶದ ಬೆಳಗ್ಗೆಯೇ ಒಡೆದು ನೋಡಿ, ‘ಇವನು ಟೊಳ್ಳು, ಪಕ್ಕದ ಮನೆಯವನು ಗಟ್ಟಿ’ ಎಂದು ತೀರ್ಮಾನ ಕೊಡುತ್ತೇವೆ. ನೂರು ವರ್ಷಕ್ಕೂ ಹಿಂದೆ ಟಿ.ಪಿ. ಕೈಲಾಸಂ ‘ಟೊಳ್ಳುಗಟ್ಟಿ’ ನಾಟಕದಲ್ಲಿ ಈ ತಕ್ಕಡಿಯನ್ನೇ ತಿರುವಿ ಹಾಕಿದ್ದರು. ಓದಿನಲ್ಲಿ ಹಿಂದೆಬಿದ್ದ ಮಗನೇ ಅಲ್ಲಿ ಕಷ್ಟಕ್ಕೆ ಒದಗುವ ಗಟ್ಟಿ. ನಮ್ಮ ಅಟ್ಟದಲ್ಲೂ ಹಾಗೇ ಅಲ್ಲವೇ? ಲೊಟಲೊಟ ಸದ್ದು ಕೇಳಿ ಗೊತ್ತಿಲ್ಲದವರು ಟೊಳ್ಳೆನ್ನುತ್ತಾರೆ, ಗೊತ್ತಿದ್ದವರು ಅದೇ ಪಕ್ವವಾದ ಕೊಬ್ಬರಿ ಎನ್ನುತ್ತಾರೆ.

ಮನೆಯವರ ಮಾತಿಗೆ ಎಷ್ಟು ಶಕ್ತಿಯಿದೆ ಎಂಬುದನ್ನು ವೈದ್ಯಲೋಕವೂ ಕಂಡುಕೊಂಡಿದೆ. ಐವತ್ತು, ಅರವತ್ತರ ದಶಕಗಳಲ್ಲಿ ಇಂಗ್ಲೆಂಡಿನ ಸಮಾಜವಿಜ್ಞಾನಿ ಜಾರ್ಜ್ ಬ್ರೌನ್, ಸ್ಕಿಜೋಫ್ರೇನಿಯಾಕ್ಕೆ ಚಿಕಿತ್ಸೆ ಪಡೆದು ಮನೆಗೆ ಮರಳಿದವರನ್ನು ಗಮನಿಸಿದರು. ಸದಾ ಟೀಕೆ, ಹಗೆ, ಅತಿಯಾದ ಆತಂಕ ಇರುವ ಮನೆಗಳಲ್ಲಿ ಕಾಯಿಲೆ ಹೆಚ್ಚಾಗಿ ಮರುಕಳಿಸುತ್ತಿತ್ತು. ನಮ್ಮ ಪಕ್ಕದ ತುರುವೇಕೆರೆ ತಾಲ್ಲೂಕಿನಲ್ಲೂ ನಿಮ್ಹಾನ್ಸ್ ವೈದ್ಯರು ಇಂಥ ಕಾಯಿಲೆಯವರನ್ನು ಅವರವರ ಊರಲ್ಲೇ ಗುರುತಿಸಿ, ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಬೆನ್ನಿಗೆ ನಿಂತಿದ್ದಾರೆ. ಗುಳಿಗೆ ಕೊಡುವವರು ವೈದ್ಯರಾದರೂ ಅದನ್ನು ದಿನವೂ ನೆನಪಿಸುವವರು, ತಟ್ಟೆ ಮುಂದೆ ಕೂರಿಸಿ ಉಣ್ಣಿಸುವವರು ಮನೆಯವರೇ.

ಹಾಗೆಂದು ಎಲ್ಲವನ್ನೂ ಮನೆಯವರೇ ಹೊರಬೇಕಿಲ್ಲ. ದೊಡ್ಡಮ್ಮನ ಕಾಫಿಗೆ ನಿದ್ದೆ ಮರಳಿತು, ಎಲ್ಲರಿಗೂ ಅಷ್ಟರಲ್ಲೇ ಮರಳುವುದಿಲ್ಲ. ವಾರಗಟ್ಟಲೆ ಊಟ, ನಿದ್ದೆ ಬಿಟ್ಟವರು, ‘ಬದುಕೇ ಬೇಡ’ ಎಂದವರು ಮನೆಯಲ್ಲಿದ್ದರೆ ‘ಜನ ಏನಂದಾರು’ ಎಂದು ಕಾಯಬಾರದು. ನುಸಿ ಬಿದ್ದ ಮರವನ್ನು ತೋಟಗಾರಿಕೆಯವರಿಗೆ ತೋರಿಸಲು ನಮಗೆ ನಾಚಿಕೆಯಿದೆಯೇ? ದಣಿದ ಮನಸ್ಸನ್ನು ತೋರಿಸಲು ಯಾಕಿರಬೇಕು? 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಆ ನಂಬರನ್ನು ಕ್ಯಾಲೆಂಡರ್ ಮೇಲೆ, ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆದಿಡಿ.

2025ರಲ್ಲಿ ತಿಪಟೂರಿನಲ್ಲಿ ಕೊಬ್ಬರಿ ಕ್ವಿಂಟಲಿಗೆ 25,000 ದಾಟಿತು. ದೊಡ್ಡಪ್ಪ ಅಟ್ಟ ಖಾಲಿ ಮಾಡಿ ಬಂದ ಸಂಜೆ ನಾನು ಜಗಲಿಯಲ್ಲಿ ಕಾಯುತ್ತಿದ್ದೆ. ‘ಎಷ್ಟಾಯ್ತು ದೊಡ್ಡಪ್ಪ?’ ನನ್ನ ಬಾಯಿಂದಲೂ ಅದೇ ಮಾತು ಮೊದಲು ಬಂತು. ಅವರು ಚಪ್ಪಲಿ ಬಿಟ್ಟು, ಕಾಲು ತೊಳೆದುಕೊಂಡು, ಒಳಗೆ ಇಣುಕಿ ದೊಡ್ಡಮ್ಮನನ್ನು ಕೇಳಿದರು:

‘ಉಂಡ್ಯೇನೆ?’

ಆಮೇಲೆ ನನ್ನ ಪಕ್ಕ ಬಂದು ಕೂತು, ರೇಟು ಹೇಳಿದರು.