ಕಲ್ಲು ಮಗ್ಗುಲು ತಿರುಗಿದ್ದು

ನಮ್ಮೂರು ಮೂಗೂರಿಗೆ ಬರುವವರು ತ್ರಿಪುರಸುಂದರಿಯ ಗುಡಿಗೆ ಕೈಮುಗಿಯಲು ಬರುತ್ತಾರೆ, ಜಾತ್ರೆಗೆ ಬರುತ್ತಾರೆ, ನೆಂಟಸ್ತನಕ್ಕೆ ಬರುತ್ತಾರೆ. ಊರಿನ ಕಲ್ಲು ನೋಡಲು ಬಂದವರನ್ನು ನಾನು ಕಂಡಿಲ್ಲ. ನೋಡುವಂಥದ್ದು ಏನೂ ಇಲ್ಲವೆಂದೇ ನಾವೂ ತಿಳಿದಿದ್ದೆವು. ಬಿಳಿ, ಬೂದು, ಕಪ್ಪು ಪಟ್ಟೆಗಳ ಕಲ್ಲು. ಅದರ ಮೇಲೆ ಬಟ್ಟೆ ಒಗೆದಿದ್ದೇವೆ, ಮಚ್ಚು ಮಸೆದಿದ್ದೇವೆ, ಸಂಜೆ ಕೂತು ಊರಿನವರ ಮೇಲೆಲ್ಲ ಚಾಡಿ ಹೇಳಿದ್ದೇವೆ. ಪಟ್ಟೆಗಳು ಯಾಕೆ ನೆಟ್ಟಗಿಲ್ಲ, ಹಾವು ಹರಿದ ಹಾಗೆ ಯಾಕೆ ಸುತ್ತಿಕೊಂಡಿವೆ ಎಂದು ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ.

ಆ ಪುರುಸೊತ್ತು ನಮ್ಮಪ್ಪನಿಗೆ ಬಂದದ್ದು ಬಾವಿಯ ದೆಸೆಯಿಂದ. ಕಾಲುವೆ ನೀರು ಹತ್ತದ ಎರಡು ಎಕರೆ ಹೊಲ ನಮ್ಮದು. 1973ರ ಬೇಸಿಗೆಯಲ್ಲಿ ಒಂದು ಜೊತೆ ಎತ್ತು ಮಾರಿ ಅಪ್ಪ ಬಾವಿ ತೆಗೆಸಲು ನಿಂತರು. ಹದಿನೈದು ಅಡಿ ಮಣ್ಣು, ಆಮೇಲೆ ಪುಡಿಗಲ್ಲು, ಆಮೇಲೆ ಬಂಡೆ. ಕುಳಿ ಹೊಡೆದು ಮದ್ದು ತುಂಬಿ ಸಿಡಿಸುತ್ತ ಮೂವತ್ತೆಂಟು ಅಡಿಗೆ ಇಳಿಯುವ ಹೊತ್ತಿಗೆ ಎತ್ತಿನ ದುಡ್ಡು ಮುಗಿದು ಅಮ್ಮನ ಬಳೆಯ ಮಾತು ಬಂದಿತ್ತು. ಕೆಳಗಿನಿಂದ ಮೇಸ್ತ್ರಿ ಕೂಗಿ ಹೇಳಿದ: “ಯಜಮಾನ್ರೇ, ಕಲ್ಲು ಮಗ್ಗುಲು ತಿರುಗದ. ಕರಿಪಟ್ಟೆ ಎತ್ತಗೆ ಹೋದದೋ ಅತ್ತಗೇ ತೋಡ್ಬೇಕು.” ಅಲ್ಲಿಯವರೆಗೆ ಪಡುವಣಕ್ಕೆ ವಾಲಿದ್ದ ಪಟ್ಟೆಗಳು ಒಂದು ಕಡೆ ಹೆಬ್ಬೆರಳಿನ ಹಾಗೆ ಬಾಗಿ ಮೂಡಣಕ್ಕೆ ತಿರುಗಿಕೊಂಡಿದ್ದವು. ಅಪ್ಪ ಹಗ್ಗ ಹಿಡಿದು ಇಳಿದು, ಆ ಬಾಗನ್ನು ಕೈಯಲ್ಲಿ ಸವರಿ ನೋಡಿ ಮೇಲೆ ಬಂದು ನನ್ನನ್ನು ಕೇಳಿದರು: “ಕಲ್ಲು ಒಡೆಯೋದು ಗೊತ್ತು. ಕಲ್ಲು ಬಾಗೋದು ಹೆಂಗಪ್ಪ?”

ನಾನು ಆಗ ತಾನೇ ಬ್ಯಾಂಕಿನ ಗುಮಾಸ್ತನಾಗಿದ್ದೆ. ನನ್ನ ಬಿ.ಕಾಂ. ಪದವಿಯಲ್ಲಿ ಈ ಪ್ರಶ್ನೆಗೆ ಉತ್ತರ ಇರಲಿಲ್ಲ. ಮೇಸ್ತ್ರಿಯ ಮಾತಿನಂತೆ ಕರಿಪಟ್ಟೆಯ ಬೆನ್ನು ಹತ್ತಿ ತೋಡಿದಾಗ ನಾಲ್ಕು ಅಡಿಯಲ್ಲಿ ಜಿನುಗು ಕಂಡಿತು, ಬಳೆ ಉಳಿಯಿತು. ಪ್ರಶ್ನೆಯೂ ಉಳಿಯಿತು.

ಕೆಲವು ವರ್ಷಗಳ ಮೇಲೆ ನನ್ನನ್ನು ಕಲಾದಗಿಯ ಕಡೆಯ ಒಂದು ಹಳ್ಳಿ ಶಾಖೆಗೆ ವರ್ಗ ಮಾಡಿದರು. ಆಗ ಅದು ವಿಜಾಪುರ ಜಿಲ್ಲೆ. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ. ದಾಳಿಂಬೆಗೆ ಹೆಸರಾದ ಸೀಮೆ. ನನ್ನ ಕೆಲಸ ಬಾವಿ ಸಾಲದ ಕಾಗದಗಳನ್ನು ನೋಡುವುದು. ಕಾಗದ ನೋಡಿದರೆ ಬಾವಿ ತಿಳಿಯುವುದಿಲ್ಲವಾದ್ದರಿಂದ ಹೊಲಗಳನ್ನೂ ನೋಡುತ್ತಿದ್ದೆ. ಅಲ್ಲಿನ ಕಲ್ಲು ನಮ್ಮೂರಿನ ಹಾಗಲ್ಲ. ಬೆರಳಿನಿಂದ ಎಬ್ಬಿದರೆ ಹಪ್ಪಳದಂತೆ ಪದರ ಪದರವಾಗಿ ಏಳುವ ಕಲ್ಲು. ಇಂಗ್ಲಿಷಿನಲ್ಲಿ ಶೇಲ್ ಎನ್ನುತ್ತಾರೆ. ಜೇಡಿಗಲ್ಲು ಎಂದರೆ ನಮಗೆ ಹತ್ತಿರ. ಪಕ್ಕದಲ್ಲೇ ಸುಣ್ಣಕಲ್ಲು, ಅದರಾಚೆ ಗಟ್ಟಿ ಮರಳುಗಲ್ಲು. ಒಂದು ಕಡೆ ಮಲಗಿದ್ದವು, ಇನ್ನೊಂದು ಕಡೆ ಎದ್ದು ನಿಂತಿದ್ದವು. ನಮ್ಮ ಬಾವಿಯಲ್ಲಿ ಒಂದು ಮಾರು ಇದ್ದ ಬಾಗು ಇಲ್ಲಿ ಗುಡ್ಡದಷ್ಟಿತ್ತು.

ಈ ನಾಡಿನ ಕಲ್ಲನ್ನು ಮೊದಲು ನೆಟ್ಟಗೆ ಓದಿ ‘ಕಲಾದಗಿ’ ಎಂದು ಹೆಸರಿಟ್ಟು 1876ರಲ್ಲಿ ಬರೆದವನು ರಾಬರ್ಟ್ ಬ್ರೂಸ್ ಫೂಟ್. 1894ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯನ್ನು ಶುರುಮಾಡಿಕೊಟ್ಟವನೂ ಅವನೇ. ಆಮೇಲಿನವರು ಬರೆದದ್ದನ್ನೂ ಕೈಗೆ ಸಿಕ್ಕಷ್ಟು ಓದಿ ನಾನು ತಿಳಿದುಕೊಂಡದ್ದು ಇಷ್ಟು. ನೂರು ಕೋಟಿ ವರ್ಷಕ್ಕೂ ಬಹಳ ಹಿಂದೆ ಅಲ್ಲಿ ನೆಲ ಕುಸಿದು ತೊಟ್ಟಿಯಾಯಿತು, ಸಮುದ್ರ ಒಳಗೆ ಬಂತು. ದಡದಲ್ಲಿ ಉರುಟುಗಲ್ಲು, ಮರಳು. ನೀರು ತಣ್ಣಗೆ ನಿಂತ ಕಡೆ ಕೆಸರು. ಕೆಸರು ಕೂರಲು ಅವಸರ ಇರಬಾರದು. ಅಲೆ ಬಂದರೆ ಎದ್ದು ಹೋಗುತ್ತದೆ. ಕೂತ ಕೆಸರಿನ ಭಾರಕ್ಕೆ ತೊಟ್ಟಿಯ ತಳ ಇನ್ನಷ್ಟು ತಗ್ಗುತ್ತದೆ, ತಗ್ಗಿದ ಜಾಗಕ್ಕೆ ಮತ್ತೆ ಕೆಸರು ಬರುತ್ತದೆ. ಹೊಸ ಕೆಸರಿನಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ಮೇಲಿನ ಹೊರೆ ಆ ನೀರನ್ನು ಹಿಂಡಿ ತೆಗೆದಾಗ ಜೇಡಿಯ ಸಣ್ಣ ಸಣ್ಣ ಚಕ್ಕೆಗಳೆಲ್ಲ ಅಡ್ಡ ಮಲಗಿ ಒಂದಕ್ಕೊಂದು ಅಂಟುತ್ತವೆ. ಹಪ್ಪಳದ ಹಾಗೆ ಏಳುವ ಗುಟ್ಟು ಅದೇ. ಹೀಗೆ ತುಂಬಿದ ತೊಟ್ಟಿಯನ್ನು ಮುಂದೊಂದು ಕಾಲದಲ್ಲಿ ಪಕ್ಕದಿಂದ ಒತ್ತಿದಾಗ ಪದರಗಳು ಮಡಿಚಿಕೊಂಡವು. ಒತ್ತಿದ್ದು ಯಾವುದು, ಪದರಗಳೇ ಇಳಿಜಾರಿನಲ್ಲಿ ಜಾರಿ ಮಡಿಚಿಕೊಂಡವೇ ಎಂದು ಬಲ್ಲವರು ಇನ್ನೂ ಜಗಳವಾಡುತ್ತಾರೆ. ಆಡಲಿ, ಪಾಲು ಪಟ್ಟಿಯ ಜಗಳಕ್ಕಿಂತ ವಾಸಿ.

ರಜೆಗೆ ಊರಿಗೆ ಬಂದಾಗ ಅಪ್ಪನಿಗೆ ಇದನ್ನು ತೋರಿಸಿ ಹೇಳಬೇಕಲ್ಲ. ಸ್ಕಾಟ್ಲೆಂಡಿನ ಜೇಮ್ಸ್ ಹಾಲ್ ಎಂಬವನ ಉಪಾಯ ನೆನಪಾಯಿತು. ಸಮುದ್ರದಂಡೆಯಲ್ಲಿ ಮಡಿಚಿಕೊಂಡ ಬಂಡೆಗಳನ್ನು ನೋಡಿ ಬಂದು, ಮೇಜಿನ ಮೇಲೆ ಬಟ್ಟೆಗಳನ್ನು ಹಾಸಿ, ಅವುಗಳ ಮೇಲೊಂದು ಬಾಗಿಲು ಮಲಗಿಸಿ, ಅದರ ಮೇಲೆ ಹೊರೆ ಹೇರಿ, ಎರಡು ಪಕ್ಕದಿಂದ ಹಲಗೆ ಕೊಟ್ಟು ಒತ್ತಿದ ಪುಣ್ಯಾತ್ಮ. 1815ರಲ್ಲಿ ಅದನ್ನು ಅಚ್ಚು ಮಾಡಿಸಿದ. ನಾನೂ ನಡುಮನೆಯಲ್ಲಿ ಒಂದು ಕಂಬಳಿ, ಅದರ ಮೇಲೆ ಅಮ್ಮನ ಹಳೆಯ ಸೀರೆ, ಮತ್ತೆ ಕಂಬಳಿ, ಮತ್ತೆ ಸೀರೆ ಹಾಸಿ, ಮಣೆ ಹೇರಿ, ಪಕ್ಕದಿಂದ ನೂಕಿದೆ. ಕಂಬಳಿ ದೊಡ್ಡ ಅಲೆಯಾಗಿ ಎದ್ದಿತು. ಸೀರೆ ಸಣ್ಣ ಸಣ್ಣ ನಿರಿಗೆಯಾಯಿತು. ಕಲ್ಲಿನ ನ್ಯಾಯವೂ ಅದೇ: ದಪ್ಪ ಬಿಗಿ ಪದರಕ್ಕೆ ದೊಡ್ಡ ಮಡಿಕೆ, ತೆಳು ಪದರಕ್ಕೆ ಚಿಕ್ಕದು. ನಡುವಿನ ಮೆತ್ತನೆಯ ಜೇಡಿಗಲ್ಲು ಬಾಗಿನ ಮೂಲೆಗೆ ಹರಿದು ಸಂದು ತುಂಬುತ್ತದೆ.

ಅಮ್ಮ ಸೀರೆ ಕಸಿದುಕೊಂಡು ಹೋದರು. ಅಪ್ಪ ಬಿಡಲಿಲ್ಲ. “ಬಟ್ಟೆ ಬಾಗ್ತದೆ ಕಣಪ್ಪ. ನಾನು ಕೇಳಿದ್ದು ಕಲ್ಲು.”

ಅದಕ್ಕೆ ಬ್ಯಾಂಕಿನ ಅರಗು ಸಹಾಯಕ್ಕೆ ಬಂತು. ಲಕೋಟೆಗೆ ಮುದ್ರೆ ಒತ್ತುವ ಕೆಂಪು ಅರಗಿನ ಕಡ್ಡಿಯನ್ನು ಮೇಜಿಗೆ ಕುಟ್ಟಿದರೆ ಚಟ್ಟನೆ ಮುರಿಯುತ್ತದೆ. ಅದೇ ಕಡ್ಡಿಯನ್ನು ಎರಡು ಪುಸ್ತಕಗಳ ನಡುವೆ ಸೇತುವೆಯಂತೆ ಇಟ್ಟು ಬೇಸಿಗೆ ಕಳೆಯಲು ಬಿಟ್ಟರೆ, ಕರಗದೆ, ಮುರಿಯದೆ ಜೋತು ಬೀಳುತ್ತದೆ. ಬಂಡೆಗೂ ಬೇಕಾದದ್ದು ಕಾವು ಮತ್ತು ಕಾಲ. ಹತ್ತು ಹದಿನೈದು ಕಿಲೋಮೀಟರ್ ಆಳದಲ್ಲಿ, ಬಿಸಿ 300 ಡಿಗ್ರಿ ದಾಟಿದ ಕಡೆ, ಬೆಣಚುಕಲ್ಲೂ ಗಟ್ಟಿಯಾಗಿದ್ದುಕೊಂಡೇ ಹರಿಯಲು ಕಲಿಯುತ್ತದೆ. ಹಾಗೆ ಹರಿದು ಬಾಗಿದ್ದು ನಮ್ಮ ಬಾವಿಯ ಕಲ್ಲು. ಮೇಲಿನ ಹೊರೆಯೆಲ್ಲ ಮಳೆಗಾಳಿಗೆ ಸವೆದು ಹೋಗಿ ಅದು ಇವತ್ತು ನಮ್ಮ ಕಾಲಕೆಳಗೆ ಬಂದಿದೆ. ಅಂದರೆ ಮೂಗೂರಿನ ಮೇಲೆ ಒಂದು ಕಾಲಕ್ಕೆ ಹತ್ತಾರು ಕಿಲೋಮೀಟರ್ ದಪ್ಪ ಕಲ್ಲಿತ್ತು. ಇದನ್ನು ಹೇಳಿದಾಗ ಅಪ್ಪ ಮೇಲಕ್ಕೆ ಒಮ್ಮೆ ನೋಡಿದರು.

ಒಂದು ಮಾತು ಬಿಡಿಸಿ ಹೇಳಬೇಕು. ನಮ್ಮ ಬಾವಿಯ ಪಟ್ಟೆಗಳು ಕೆಸರು ಕೂತು ಆದವಲ್ಲ. ನೈಸ್ ಎನ್ನುವ ಈ ಕಲ್ಲಿನ ಹೆಚ್ಚು ಭಾಗ ನೆಲದೊಳಗೆ ಕರಗಿದ್ದು ಗಟ್ಟಿಯಾಗಿ, ಆಮೇಲೆ ಹಿಂಡಿ ಎಳೆದಾಗ ಪಟ್ಟೆಯಾದದ್ದು. ಬೆಂಗಳೂರಿನ ಲಾಲ್‌ಬಾಗಿನ ಬಂಡೆ ಇದರ ಅಣ್ಣನೋ ತಮ್ಮನೋ; ವಯಸ್ಸು ಸುಮಾರು 300 ಕೋಟಿ ವರ್ಷ. ಆದರೆ ನಿಜವಾದ ಕೆಸರೂ ನಮ್ಮ ಜಿಲ್ಲೆಯಲ್ಲಿದೆ. ಸರಗೂರಿನ ಸುತ್ತ ಈ ನೈಸಿನ ನಡುವೆ ಸಿಕ್ಕಿಕೊಂಡ ಹಳೆಯ ಪಟ್ಟಿಗಳಿವೆ. ಅಲ್ಲಿ ಕಯನೈಟ್ ಎಂಬ ನೀಲಿ ಅಲಗಿನಂಥ ಖನಿಜ ಸಿಗುತ್ತದೆ, ಕುಲುಮೆಯ ಇಟ್ಟಿಗೆಗೆ ಆಗುವಂಥದ್ದು. ಜೇಡಿಗಲ್ಲನ್ನು ಆಳಕ್ಕೆ ತಳ್ಳಿ ಹಿಂಡಿ ಬೇಯಿಸಿದರೆ ಅದರ ಮಣ್ಣು ಕಾಗೆಬಂಗಾರವಾಗುತ್ತದೆ, ಇನ್ನೂ ಬೇಯಿಸಿದರೆ ಕಯನೈಟ್ ಆಗುತ್ತದೆ. ಕಲಾದಗಿಯದು ಅರೆಬೆಂದ ಅಡುಗೆ, ಸರಗೂರಿನದು ತಳ ಹತ್ತಿದ ಅಡುಗೆ.

ಬೇಯಲೂ ಇಲ್ಲ, ಬಾಗಲೂ ಇಲ್ಲ ಎನ್ನುವ ತೊಟ್ಟಿಯೂ ನಮ್ಮ ರಾಜ್ಯದಲ್ಲುಂಟು. ಕಲಬುರಗಿಯ ಕಡೆ ಭೀಮಾ ತೀರದ ಸುಣ್ಣಕಲ್ಲು, ಜೇಡಿಗಲ್ಲುಗಳು ಕೆಲವು ಬಿರುಕುಗಳ ಪಕ್ಕ ಬಿಟ್ಟರೆ ಕೂತ ಹಾಗೇ ಕೂತಿವೆ. ನಮ್ಮ ಅಡುಗೆಮನೆಗೆ ಹಾಸಿದ ಶಹಾಬಾದ್ ಕಲ್ಲು ಅಲ್ಲಿಯದು. ಇನ್ನು ಬಾದಾಮಿಯಲ್ಲಿ ಚಾಲುಕ್ಯರು ಆರನೆಯ ಶತಮಾನದಲ್ಲಿ ಗುಹೆ ಕೊರೆದ ಕೆಂಪು ಮರಳುಗಲ್ಲೂ ಅಡ್ಡವೇ ಮಲಗಿದೆ. ಕಲಾದಗಿಯ ಪದರಗಳು ಮಡಿಚಿ, ಎದ್ದು, ಸವೆದು ಚಪ್ಪಟೆಯಾದ ಮೇಲೆ ಅದರ ಬೆನ್ನ ಮೇಲೆ ಹೊಸದಾಗಿ ಕೂತ ಮರಳು ಅದು. “ಕೆಳಗ ನಿಂತಾವ, ಮ್ಯಾಲ ಮಲಗ್ಯಾವ ನೋಡ್ರಿ ಸರ” ಎಂದು ಅಲ್ಲಿನ ರೈತರೊಬ್ಬರು ತೋರಿಸಿದಾಗ, ಆ ನಡುವಿನ ಗೆರೆಯ ಮೇಲೆ ಅಂಗೈ ಇಟ್ಟು ನಾನು ಬಹಳ ಹೊತ್ತು ನಿಂತಿದ್ದೆ.

ಅಪ್ಪನಿಗೆ ಇದೆಲ್ಲ ಹಿಡಿಸಿತು. ಆದರೆ ಅವರಿಗೆ ಬೇಕಾದದ್ದು ಇನ್ನೊಂದು: ಬಾಗು ಇದ್ದಲ್ಲಿ ನೀರು ಇರುತ್ತದೆಯೇ? ಇರಲೇಬೇಕೆಂದಿಲ್ಲ. ಬಾಗಿದ್ದು ಆಳದಲ್ಲಿ, ಬಿಸಿಯಲ್ಲಿ. ನೀರು ಹಿಡಿಯುವ ಬಿರುಕುಗಳು ಬಂದದ್ದು ಕಲ್ಲು ಮೇಲೆದ್ದು ತಣಿದ ಮೇಲೆ. ಗಟ್ಟಿ ನೈಸಿನ ಒಡಲಲ್ಲಿ ನೀರಿಗೆ ಜಾಗವೇ ಇಲ್ಲ. ಕರಿಪಟ್ಟೆಯ ಕಾಗೆಬಂಗಾರ ಬೇಗ ಪುಡಿಯಾಗುತ್ತದೆ, ಆ ಸಂದಿನಲ್ಲಿ ಜಿನುಗು ಇಳಿಯುತ್ತದೆ. ಮೇಸ್ತ್ರಿಗೆ ಯಾರೂ ಹೇಳಿಕೊಡದೆ ತಿಳಿದದ್ದು ಇದು. ಕೊಳವೆಬಾವಿಯ ಯಂತ್ರಗಳು ಊರಿಗೆ ಬಂದ ಮೇಲೆ ನೂರು, ಇನ್ನೂರು ಅಡಿಯ ಬಿರುಕುಗಳೂ ಬರಿದಾಗುತ್ತ ಹೋದವು. ನಮ್ಮ ಬಾವಿ 1994ರಲ್ಲಿ ಬತ್ತಿತು. ಅಪ್ಪ ಮತ್ತೆ ಮದ್ದು ಸಿಡಿಸುವ ಮಾತೆತ್ತಲಿಲ್ಲ. ಎರಡು ವರ್ಷಕ್ಕೆ ತೀರಿಕೊಂಡರು. ಈಗ ಬಾವಿಯ ಗೋಡೆ ಒಣಗಿರುವುದರಿಂದ ಮಡಿಕೆ ಮೊದಲಿಗಿಂತ ಚೆನ್ನಾಗಿ ಕಾಣುತ್ತದೆ.

ಆ ಹೊಲದ ಮಣ್ಣು ಮಾತ್ರ ಪ್ರತಿ ಮಳೆಗಾಲದಲ್ಲೂ ಒಂದಿಷ್ಟು ಹಳ್ಳಕ್ಕಿಳಿದು ಕಾವೇರಿಗೆ ಸೇರುತ್ತದೆ. ಕಾವೇರಿಯ ಬಾಯಿಯ ಹತ್ತಿರ, ಸುಮಾರು 15 ಕೋಟಿ ವರ್ಷದ ಹಿಂದೆ, ಭರತಖಂಡ ತನ್ನ ತೆಂಕಣ ನೆರೆಯಿಂದ ಬೇರೆಯಾಗುವಾಗ ನೆಲ ಸೀಳಿ ತೊಟ್ಟಿಯಾಯಿತು. ಅದರ ತಳದಲ್ಲಿರುವುದು ನಮ್ಮೂರಿನಂಥದೇ ಹಳೆಯ ಕಲ್ಲು. ಮೇಲೆ ಸಾವಿರಾರು ಅಡಿ ಮರಳು, ಜೇಡಿಗಲ್ಲು. ನಾಗಪಟ್ಟಣದ ಬಳಿ ನರಿಮಣಂನಲ್ಲಿ ತೆಗೆದ ತೈಲ ಆ ತೊಟ್ಟಿಯ ತೈಲ. ನಮ್ಮ ಮಣ್ಣೂ ಒಂದು ದಿನ ಅಲ್ಲಿಗೆ ಹೋಗಿ ಕೂರುತ್ತದೆ ಎಂದು ಅಪ್ಪನಿಗೆ ಹೇಳಿದ್ದೆ. 1934ರಲ್ಲಿ ಕಟ್ಟಿ ಮುಗಿಸಿದ ಮೆಟ್ಟೂರು ಅಣೆಕಟ್ಟು ನಡುವೆ ಇದೆಯಲ್ಲ, ಅದನ್ನು ದಾಟುವುದು ಹೇಗೆ ಎಂದು ಅವರು ಕೇಳಿದರು. ಬಹುಪಾಲು ದಾಟುವುದಿಲ್ಲ, ಅಲ್ಲೇ ಹೂಳಾಗಿ ಕೂರುತ್ತದೆ.