ದೋಣಿಯ ಜೊತೆಗೊಂದು ಹಗ್ಗ

ಏಳನೆಯ ತರಗತಿಗೆ ಸಾಗರಗಳ ಪಾಠ ಮಾಡುತ್ತಿದ್ದೆ. ಗೋಡೆಗೆ ನೇತುಹಾಕಿದ ಭೂಪಟದ ಮೇಲೆ ಕೋಲು ಆಡಿಸುತ್ತ ಪೆಸಿಫಿಕ್‌ನಿಂದ ಅಟ್ಲಾಂಟಿಕ್‌ಗೆ ಬಂದಿದ್ದೆನಷ್ಟೇ, ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಟೀಚರ್, ನಡುಸಮುದ್ರದಲ್ಲಿ ಬಿದ್ದವರು ವಿಮಾನದವರ ಕಣ್ಣಿಗೆ ಬಿದ್ರೆ ಏನು ಮಾಡ್ತಾರೆ? ವಿಮಾನ ನೀರಿನ ಮೇಲೆ ಇಳಿಯೋಕಾಗಲ್ವಲ್ಲ?"

"ಹತ್ತಿರದ ಹಡಗಿಗೆ ಸುದ್ದಿ ಕೊಡ್ತಾರೆ," ಎಂದೆ.

"ಹಡಗು ಬರೋ ತನಕ?"

ಮೂವತ್ತು ವರ್ಷಕ್ಕೆ ಹತ್ತಿರವಾದ ನನ್ನ ಮಾಸ್ತರಿಕೆಯಲ್ಲಿ ಇಂಥ ಹೊತ್ತಿಗೆಂದೇ ಒಂದು ಆಯುಧ ಇಟ್ಟುಕೊಂಡಿದ್ದೇನೆ. "ನಾಳೆ ಹೇಳ್ತೀನಿ, ಕೂತ್ಕೋ" ಎಂದೆ. ಮಕ್ಕಳಿಗೂ ಗೊತ್ತು, ಟೀಚರ್ ನಾಳೆ ಅಂದರೆ ಮನೆಗೆ ಹೋಗಿ ಓದಿಕೊಂಡು ಬರುತ್ತಾರೆ ಎಂದು.

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ವಾಯುಸೇನೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಸಂಜೆ ಅಲ್ಲಿಗೆ ಹೋಗಿ ವಿಷಯ ಹೇಳಿದೆ. ಅವರಿಗೆ ಖುಷಿಯೋ ಖುಷಿ. "ಟೀಚರಮ್ಮ, ಇಂಥ ಪ್ರಶ್ನೆ ಕೇಳೋ ಮಗು ಇದೆಯಾ ನಿಮ್ಮ ಶಾಲೇಲಿ?" ಎನ್ನುತ್ತ ಬೀರುವಿನಿಂದ ದಪ್ಪ ಪುಸ್ತಕವೊಂದನ್ನು ತೆಗೆದು ಒಂದು ಚಿತ್ರ ತೋರಿಸಿದರು. ನಾಲ್ಕು ಎಂಜಿನ್ನಿನ ದೊಡ್ಡ ವಿಮಾನ. ಅದರ ಹೊಟ್ಟೆಯಡಿಗೆ ಒಂದು ದೋಣಿ, ಅದೂ ಆಟಿಕೆಯಲ್ಲ, ನಿಜವಾದ ದೋಣಿ! ತಾಯಿ ಮಂಗ ಮರಿಯನ್ನು ಹೊಟ್ಟೆಗವಚಿಕೊಂಡು ಕೊಂಬೆಯಿಂದ ಕೊಂಬೆಗೆ ಹಾರುವುದನ್ನು ನಮ್ಮ ಮಲೆನಾಡಿನಲ್ಲಿ ದಿನವೂ ನೋಡುತ್ತೇವಲ್ಲ, ಥೇಟ್ ಹಾಗೆಯೇ ಇತ್ತು. ಪುಸ್ತಕವನ್ನು ಕಡ ತಂದೆ. ಆ ರಾತ್ರಿ ಅನ್ನಕ್ಕಿಟ್ಟ ಕುಕ್ಕರು ಎಷ್ಟು ಸೀಟಿ ಹಾಕಿತೆಂಬುದೂ ನನಗೆ ತಿಳಿಯಲಿಲ್ಲ.

ಈ ದೋಣಿ ಹುಟ್ಟಿದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ, ಇಂಗ್ಲೆಂಡಿನಲ್ಲಿ. ಬಾಂಬು ಹಾಕಲು ಹೋದ ವಿಮಾನಗಳು ಹಿಂತಿರುಗುವಾಗ ಪೆಟ್ಟು ತಿಂದು ಉತ್ತರ ಸಮುದ್ರಕ್ಕೆ ಬೀಳುತ್ತಿದ್ದವು. ಆ ನೀರು ಎಂಥ ತಣ್ಣನೆಯದೆಂದರೆ ಅದರಲ್ಲಿ ಬಿದ್ದವರಿಗೆ ಗಂಟೆಗಳ ಲೆಕ್ಕದಲ್ಲಷ್ಟೇ ಆಯುಸ್ಸು. ಪುಟ್ಟ ರಬ್ಬರು ತೆಪ್ಪದಲ್ಲಿ ತೇಲುವವರನ್ನು ಗಾಳಿ ಶತ್ರುವಿನ ದಡದ ಕಡೆಗೆ ಒಯ್ದರೂ ಒಯ್ಯಬಹುದು. ವೇರಿಂಗ್ ಎಂಬ ವಾಯುಸೇನೆಯ ಅಧಿಕಾರಿಗೆ, ಮೇಲಿನಿಂದ ಒಂದು ದೋಣಿಯನ್ನೇ ಬೀಳಿಸಿದರೆ ಹೇಗೆ ಎಂಬ ಯೋಚನೆ ಬಂತು. ಅದನ್ನು ರೂಪಿಸಿಕೊಟ್ಟವನು ಐಲ್ ಆಫ್ ವೈಟ್ ದ್ವೀಪದ ದೋಣಿಗಾರ ಉಫಾ ಫಾಕ್ಸ್. ಮರದ ದೋಣಿ; ತೂಕ ಸುಮಾರು 770 ಕಿಲೋ. 700 ಅಡಿ ಎತ್ತರದಿಂದ ಆರು ಪ್ಯಾರಾಚೂಟುಗಳಲ್ಲಿ ಅದನ್ನು ಇಳಿಸುತ್ತಿದ್ದರು. ಮಗುಚಿದರೂ ತಾನೇ ನೆಟ್ಟಗಾಗುವಂತೆ ಅದರ ತೂಕವನ್ನು ಹೊಂದಿಸಿದ್ದರು. 1943ರ ಮೇ 5ರಂದು, ಸ್ಪರ್ನ್ ಹೆಡ್ ಎಂಬಲ್ಲಿಂದ ಪೂರ್ವಕ್ಕೆ 80 ಕಿಲೋಮೀಟರು ದೂರದಲ್ಲಿ ಕಡಲಿಗೆ ಬಿದ್ದಿದ್ದ ಹ್ಯಾಲಿಫ್ಯಾಕ್ಸ್ ವಿಮಾನದವರನ್ನು ಈ ದೋಣಿ ಮೊದಲ ಬಾರಿಗೆ ಬದುಕಿಸಿತು.

ಓದುತ್ತ ಹೋದಂತೆ ನನ್ನನ್ನು ಹಿಡಿದು ನಿಲ್ಲಿಸಿದ್ದು ದೋಣಿಗಿಂತ ಅದರೊಳಗೆ ಇಟ್ಟಿದ್ದ ಸಾಮಾನು. ಎಂಜಿನ್ನು ಇತ್ತು, ಹಾಯಿ ಇತ್ತು. ಆದರೆ ವಿಮಾನ ಓಡಿಸುವವನಿಗೆ ಹಾಯಿ ಕಟ್ಟುವುದು ಬರಬೇಕಲ್ಲ? ಅದಕ್ಕೆಂದೇ ಜನ್ಮದಲ್ಲಿ ದೋಣಿ ಹತ್ತದವನಿಗೂ ತಿಳಿಯುವ ಹಾಗೆ ಬರೆದ ಪುಸ್ತಕವೊಂದನ್ನು ಇಟ್ಟಿದ್ದರು. ಸಾವಿನ ಬಾಯಲ್ಲಿರುವವನಿಗೆ ಒಂದು ಪಾಠಪುಸ್ತಕ! ಮೊದಲು ನಗು ಬಂತು. ಆಮೇಲೆ ನನ್ನ ಕಸುಬಿನ ಬಗ್ಗೆ ಸ್ವಲ್ಪ ಹೆಮ್ಮೆಯೂ ಬಂತೆನ್ನಿ.

ಯುದ್ಧ ಮುಗಿದ ಮೇಲೂ ಸಮುದ್ರ ಕಾಯುವ ವಿಮಾನಗಳು ಈ ದೋಣಿಗಳನ್ನು ಹೊತ್ತು ತಿರುಗಿದವು. ಮೊದಲು ಲ್ಯಾಂಕಾಸ್ಟರ್, ಆಮೇಲೆ ಶ್ಯಾಕಲ್ಟನ್. ಅಮೆರಿಕದವರು ಕೊರಿಯಾ ಯುದ್ಧದ ಕಾಲದಲ್ಲಿ ಬಿ-29 ವಿಮಾನಕ್ಕೆ ದೋಣಿ ಕಟ್ಟಿ, ಸಿನಿಮಾದ ಹಾರುವ ಆನೆಮರಿಯ ನೆನಪಿನಲ್ಲಿ 'ಸೂಪರ್ ಡಂಬೋ' ಎಂದು ಕರೆದರು. ಶ್ಯಾಕಲ್ಟನ್ನಿಗಾಗಿ ಸಾಂಡರ್ಸ್-ರೋ ಕಂಪೆನಿ 1953ರ ಹೊತ್ತಿಗೆ ಮಾಡಿದ ದೋಣಿ ಅಲ್ಯೂಮಿನಿಯಮ್ಮಿನದು. 31 ಅಡಿ ಉದ್ದ, 7 ಅಡಿ ಅಗಲ. ನಮ್ಮ ಶಾಲೆಯ ಸ್ಟಾಫ್ ರೂಮಿಗಿಂತ ಉದ್ದವೇ. 42 ಅಡಿಯ ನಾಲ್ಕು ಪ್ಯಾರಾಚೂಟುಗಳಲ್ಲಿ ಸೆಕೆಂಡಿಗೆ 20 ಅಡಿಯಂತೆ ಕೆಳಗಿಳಿಯುತ್ತಿತ್ತು. ಮೋಟಾರು ಸೈಕಲ್ಲಿಗೆ ಹೆಸರಾದ ವಿನ್ಸೆಂಟ್ ಕಂಪೆನಿಯ 15 ಅಶ್ವಶಕ್ತಿಯ ಎಂಜಿನ್ನು. 1,250 ಮೈಲಿ ಸಾಗುವ ತಾಕತ್ತು. ಹತ್ತು ಜನಕ್ಕೆ ಹದಿನಾಲ್ಕು ದಿನಕ್ಕಾಗುವಷ್ಟು ಅನ್ನ ನೀರು. ಚಳಿ ತಡೆಯುವ ಉಡುಪು, ಮಲಗುವ ಚೀಲ, ಔಷಧಿಯ ಪೆಟ್ಟಿಗೆ, ಮೀನು ಹಿಡಿಯುವ ಗಾಳ. ಕೊನೆಗೆ, ಗಾಳಿ ತುಂಬಿಕೊಳ್ಳುವ ತಲೆದಿಂಬು.

ದಿಂಬು ಇಡಬೇಕೆಂದು ಯಾರಿಗೆ ಹೊಳೆಯಿತೋ! ಮಗಳನ್ನು ದೂರದ ಊರಿಗೆ ಕಳಿಸುವಾಗ ಬುತ್ತಿ ಕಟ್ಟಿ, ಸ್ವೆಟರು ಇಟ್ಟು, ಮದ್ದು ಇಟ್ಟು, ಬಸ್ಸು ಹೊರಡುವ ಹೊತ್ತಿಗೆ ಕಿಟಕಿಯಿಂದ ಇನ್ನೂ ಒಂದು ಪೊಟ್ಟಣ ತೂರಿಸುವ ತಾಯಂದಿರ ಬುದ್ಧಿ ಅದು.

ಆದರೆ ಎಷ್ಟೇ ಕಟ್ಟಿಕೊಟ್ಟರೂ ವಿಮಾನ ಕೆಳಗಿಳಿಯುವುದಿಲ್ಲ. ದೋಣಿಯನ್ನು ಬಿಟ್ಟು, ಎರಡು ಸುತ್ತು ಸುತ್ತಿ, ಎಣ್ಣೆ ಮುಗಿಯುವ ಮುನ್ನ ಹೋಗಲೇಬೇಕು. ನೀರಲ್ಲಿದ್ದವನೇ ಈಜಿ, ದೋಣಿ ಹತ್ತಿ, ಎಂಜಿನ್ನು ಚಾಲೂ ಮಾಡಿ ಮನೆಯ ದಿಕ್ಕು ಹಿಡಿಯಬೇಕು. ಇದನ್ನು ಓದಿದಾಗ ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತೆ. ನನಗೆ ನನ್ನ ಅಪ್ಪಯ್ಯ ನೆನಪಾಗಿದ್ದ.

1997ರಲ್ಲಿ ನನ್ನ ಯಜಮಾನರು ತೀರಿಕೊಂಡಾಗ ಮಗಳಿಗೆ ಎರಡು ವರ್ಷ. ನಾನು ಬಿ.ಎ. ಮುಗಿಸಿ ಮದುವೆಯಾದವಳು, ಸಂಬಳದ ಕೆಲಸ ಎಂಬುದೇ ಗೊತ್ತಿರಲಿಲ್ಲ. ವೈಕುಂಠ ಸಮಾರಾಧನೆ ಮುಗಿಸಿ ಅಪ್ಪಯ್ಯ ಹೊರಟಾಗ "ನಡಿ ಮಗಾ, ಮನೆಗೆ ಹೋಗೋಣ" ಎನ್ನುತ್ತಾನೆಂದು ಬಾಗಿಲಲ್ಲಿ ನಿಂತು ಕಾದೆ. ಅವನು ಅನ್ನಲಿಲ್ಲ. ಛತ್ರಿ ಕಂಕುಳಿಗಿಟ್ಟುಕೊಂಡು ಹಿಂದೆ ನೋಡದೆ ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟ. ಹದಿನೈದು ದಿನಕ್ಕೆ ರಿಜಿಸ್ಟರ್ಡ್ ಟಪಾಲಿನಲ್ಲಿ ಒಂದು ದಪ್ಪ ಲಕೋಟೆ ಬಂತು. ಒಳಗೆ ಬಿ.ಎಡ್. ಕಾಲೇಜಿನ ಅರ್ಜಿ, ಅದಕ್ಕೆ ಸಿಕ್ಕಿಸಿದ ಡಿ.ಡಿ. ಆ ವರ್ಷದ ಅಡಿಕೆಯನ್ನು ಬೆಲೆ ಬರುವ ಮೊದಲೇ ಮಾರಿ ಹಣ ಹೊಂದಿಸಿದ್ದನೆಂದು ಆಮೇಲೆ ತಿಳಿಯಿತು. ನಮ್ಮ ಅತ್ತೆಯವರಿಗೂ ಬೇರೆಯಾಗಿ ಒಂದು ಕಾಗದ ಬರೆದಿದ್ದ, ಮಗುವನ್ನು ಒಂದು ವರ್ಷ ನೋಡಿಕೊಳ್ಳಬೇಕೆಂದು. ಅವರು ಎರಡು ಮಾತಾಡದೆ ಒಪ್ಪಿದರು.

ನನಗಾದರೋ ಕೋಪ. ತೌರಿನಲ್ಲಿ ಒಂದು ಮೂಲೆ ಕೊಡಲಾರದವನು ಕಾಗದ ಕಳಿಸುತ್ತಾನೆ ಎಂದು ಅತ್ತೆ. ಒಂದು ವರ್ಷ ದಿನಕ್ಕೆ ನಾಲ್ಕು ಗಂಟೆ ಬಸ್ಸಿನಲ್ಲಿ ಕೂತು ಜಿಲ್ಲಾ ಕೇಂದ್ರಕ್ಕೆ ಹೋಗಿ ಬಂದೆ. ಪಾಸಾದೆ, ಕೆಲಸ ಸಿಕ್ಕಿತು, ಮಗಳನ್ನು ಓದಿಸಿದೆ. 2009ರಲ್ಲಿ ಅಪ್ಪಯ್ಯ ಹೋದ. ಆ ಕೋಪ ಎಂದೋ ಕರಗಿತ್ತು. ಆದರೆ "ಯಾಕೆ ಕರೆದುಕೊಂಡು ಹೋಗಲಿಲ್ಲ?" ಎಂದು ಅವನನ್ನು ಕೇಳಲೇ ಇಲ್ಲ. ಕರೆದುಕೊಂಡು ಹೋಗಿದ್ದರೆ ತೌರಿನ ಅಡಿಗೆಮನೆಯಲ್ಲಿ, ಅಣ್ಣ ಅತ್ತಿಗೆಯರ ದಾಕ್ಷಿಣ್ಯದಲ್ಲಿ ನಾನು ಏನಾಗಿರುತ್ತಿದ್ದೆ ಎಂಬ ಲೆಕ್ಕ ಅವನಿಗೆ ಗೊತ್ತಿತ್ತು ಎಂದು ಈಗ ಅನ್ನಿಸುತ್ತದೆ.

ಪುಸ್ತಕವನ್ನು ಇಲ್ಲಿಗೇ ಮುಚ್ಚಿದ್ದರೆ ಅಪ್ಪಯ್ಯನನ್ನು ನೆನೆದು ಒಂದು ಸಮಾಧಾನ ಪಟ್ಟುಕೊಳ್ಳುತ್ತಿದ್ದೆ. ಮುಂದೆ ಓದಿದೆ.

ಬೀಳಿಸಿದ ದೋಣಿಗಳೆಲ್ಲ ಮುಟ್ಟಲಿಲ್ಲ. ಕೆಲವಕ್ಕೆ ಪ್ಯಾರಾಚೂಟು ಸರಿಯಾಗಿ ಬಿಚ್ಚಿಕೊಳ್ಳಲಿಲ್ಲ. ಕೆಲವು ನೀರಿಗೆ ಅಪ್ಪಳಿಸಿ ಒಡೆದವು. ಅದಕ್ಕಿಂತ ಕಷ್ಟವೆಂದರೆ ಗಾಳಿ. ಖಾಲಿ ದೋಣಿ ಗಾಳಿಗೆ ಸಿಕ್ಕಿ, ಚಳಿಗೆ ಮರಗಟ್ಟಿದವನು ಈಜುವುದಕ್ಕಿಂತ ಬೇಗ ದೂರ ಸರಿಯುತ್ತದೆ. ಕಣ್ಣೆದುರಿಗೇ ಅನ್ನ, ನೀರು, ದಿಂಬು ಎಲ್ಲ ಇರುವ ದೋಣಿ ತೇಲಿಹೋಗುವುದನ್ನು ನೋಡುತ್ತ ಮುಳುಗುವವನ ಸಂಕಟ ಎಂಥದು! ಅದಕ್ಕೇ ಅದನ್ನು ಮಾಡಿದವರು ಎರಡು ಉಪಾಯ ಹೂಡಿದ್ದರು. ದೋಣಿ ನೀರು ಮುಟ್ಟಿದ ಕೂಡಲೆ ಪ್ಯಾರಾಚೂಟುಗಳು ಕಳಚಿಕೊಂಡು, ನೀರಿನೊಳಗೆ ಚೀಲದಂಥದ್ದೊಂದು ಬಿಚ್ಚಿ ದೋಣಿಯ ಓಟವನ್ನು ತಡೆಯುತ್ತಿತ್ತು. ಎರಡನೆಯದು, ದೋಣಿಯ ಎರಡೂ ಮಗ್ಗುಲಿನಿಂದ ರಾಕೆಟ್ಟುಗಳು ಹಾರಿ ತೇಲುವ ಹಗ್ಗವನ್ನು ದೂರದವರೆಗೆ ಚಾಚುತ್ತಿದ್ದವು. ದೋಣಿಯವರೆಗೆ ಈಜಲಾರದವನಿಗೆ ಹಗ್ಗವಾದರೂ ಕೈಗೆ ಸಿಗಲಿ ಎಂದು.

ಅಪ್ಪಯ್ಯನ ಹಗ್ಗ ಯಾವುದೆಂದು ಆಗ ಹೊಳೆಯಿತು. ಆ ಒಂದು ವರ್ಷ ಪ್ರತಿ ಸೋಮವಾರ ಅವನ ಕಾರ್ಡು ಬರುತ್ತಿತ್ತು. ಕಾರ್ಡಿನಲ್ಲಿ ವಿಶೇಷವೇನೂ ಇಲ್ಲ. "ಕೊಳೆ ಔಷಧಿ ಎರಡನೇ ಸಲ ಹೊಡೆಸಿದೆ. ಗೌರಿ ಕರು ಹಾಕಿದೆ. ನಿನ್ನ ಪಾಠ ಎಲ್ಲಿಗೆ ಬಂತು?" ಇಷ್ಟೇ. ಆ ಕೊನೆಯ ಪ್ರಶ್ನೆ ಮಾತ್ರ ಒಂದು ಸಲವೂ ತಪ್ಪಲಿಲ್ಲ. ಬಿಟ್ಟುಬಿಡೋಣ ಅನ್ನಿಸಿದ ವಾರಗಳಲ್ಲಿ, ಸೋಮವಾರ ಬಂದರೆ ಏನು ಉತ್ತರ ಬರೆಯಲಿ ಎಂಬ ನಾಚಿಕೆಗೇ ಬಸ್ಸು ಹತ್ತಿದ್ದೇನೆ.

ಜೊತೆಗೆ ಇನ್ನೊಂದು ಮುಖವೂ ನೆನಪಾಯಿತು. ಅದನ್ನು ಬರೆಯದಿದ್ದರೆ ಈ ಲೇಖನ ಸುಳ್ಳಾಗುತ್ತದೆ. ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯಲ್ಲಿ ಒಬ್ಬ ಹುಡುಗಿ ಇದ್ದಳು. ಕೂಲಿಯವರ ಮಗಳು, ಲೆಕ್ಕದಲ್ಲಿ ಚುರುಕು. ಎಸ್.ಎಸ್.ಎಲ್.ಸಿ.ಯಲ್ಲಿ ಒಳ್ಳೆಯ ಅಂಕ ಬಂದಾಗ ಪಿ.ಯು. ಕಾಲೇಜಿನ ಅರ್ಜಿ ತಂದು ನಾನೇ ತುಂಬಿಸಿದೆ. ಫೀಸು ಕಟ್ಟಿದೆ, ಎರಡು ಜೊತೆ ಬಟ್ಟೆ ಕೊಡಿಸಿದೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೊಗಳಿದರು, ನಾನೂ ಹಿಗ್ಗಿದೆ. ಆಮೇಲೆ ನನ್ನ ಕೆಲಸ, ನನ್ನ ಸಂಸಾರ. ಕಾಲೇಜು ಹೇಗಿದೆ ಎಂದು ಒಂದು ದಿನವೂ ಕೇಳಲಿಲ್ಲ. ವರ್ಷ ತುಂಬುವ ಮೊದಲೇ ಅವಳು ಕಾಲೇಜು ಬಿಟ್ಟಳು. ಹದಿನೆಂಟು ತುಂಬಿದ ತಿಂಗಳಲ್ಲೇ ಮದುವೆಯೂ ಆಯಿತಂತೆ. ಸುದ್ದಿ ತಿಳಿದಾಗ "ಇಷ್ಟು ಮಾಡಿಕೊಟ್ಟರೂ ಉಳಿಸಿಕೊಳ್ಳಲಿಲ್ಲವಲ್ಲ" ಎಂದು ಅವಳನ್ನೇ ದೂರಿದ್ದೆ. ನಾನು ದೋಣಿ ಬೀಳಿಸಿ ಹಾರಿಹೋಗಿದ್ದೆ. ಗಾಳಿ ಯಾವ ಕಡೆಗಿದೆ ಎಂದು ನೋಡಿರಲಿಲ್ಲ, ಹಗ್ಗವನ್ನಂತೂ ಎಸೆದೇ ಇರಲಿಲ್ಲ.

ಆಕಾಶದ ದೋಣಿಯ ಕಾಲ ಬಹಳ ದಿನ ನಡೆಯಲಿಲ್ಲ. ನಿಂತಲ್ಲೇ ನಿಂತು ಮನುಷ್ಯನನ್ನು ಮೇಲೆತ್ತಿಕೊಳ್ಳುವ ಹೆಲಿಕಾಪ್ಟರು ಬಂದ ಮೇಲೆ 1950ರ ದಶಕದಲ್ಲಿಯೇ ಅದು ಹಿಂದೆ ಸರಿಯಿತು. ಆದರೆ ಅದೇ ವೇರಿಂಗ್ ಯುದ್ಧಕಾಲದಲ್ಲಿ ಲಿಂಡ್‌ಹೋಮ್ ಎಂಬ ವಾಯುನೆಲೆಯಲ್ಲಿ ಮಾಡಿಸಿದ ಇನ್ನೊಂದು ಸಾಧನ ಉಳಿದುಕೊಂಡಿತು. ಅದು ಬಹಳ ಸರಳ. ಐದು ಉದ್ದನೆಯ ಡಬ್ಬಗಳನ್ನು ತೇಲುವ ಹಗ್ಗದಿಂದ ಒಂದಕ್ಕೊಂದು ಕಟ್ಟಿದ ಸರ. ಒಂದರಲ್ಲಿ ತಾನೇ ಉಬ್ಬಿಕೊಳ್ಳುವ ರಬ್ಬರು ತೆಪ್ಪ, ಉಳಿದವುಗಳಲ್ಲಿ ಆಹಾರ, ನೀರು, ಬಟ್ಟೆ. ಗಾಳಿ ಬೀಸಿ ಬರುವ ಕಡೆಯಲ್ಲಿ ಅದನ್ನು ಉದ್ದಕ್ಕೆ ಬೀಳಿಸಿದರೆ ಇಡೀ ಸರ ತೇಲುತ್ತ ಬಿದ್ದವರ ಹತ್ತಿರಕ್ಕೇ ಬರುತ್ತದೆ; ಹಗ್ಗದ ಯಾವ ತುದಿ ಸಿಕ್ಕಿದರೂ ಸರಿ, ಎಳೆದುಕೊಂಡರೆ ತೆಪ್ಪ ಕೈಗೆ ಬರುತ್ತದೆ. ಶ್ಯಾಕಲ್ಟನ್ ವಿಮಾನಗಳು ಇದನ್ನೂ ಒಯ್ಯುತ್ತಿದ್ದವು, ಅವುಗಳ ನಂತರ ಬಂದ ನಿಮ್ರಾಡ್‌ಗಳೂ ಒಯ್ದವು. ತಲೆದಿಂಬಿನ ದೋಣಿ ಹೋಯಿತು, ಹಗ್ಗದ ಸರ ದಶಕಗಳ ಕಾಲ ಬಾಳಿತು.

ನಮ್ಮ ನೌಕಾಪಡೆಯ ವಿಮಾನಗಳಿಗೂ ಈ ಕೆಲಸ ಹೊಸದಲ್ಲ. 2023ರ ಮೇ ತಿಂಗಳಲ್ಲಿ ಹಿಂದೂ ಮಹಾಸಾಗರದ ನಡುವೆ ಚೀನಾದ ಮೀನುಗಾರಿಕೆ ಹಡಗೊಂದು ಮಗುಚಿ, ಅದರಲ್ಲಿದ್ದ 39 ಜನ ನೀರುಪಾಲಾದಾಗ, ಕೆಟ್ಟ ಹವೆಯಲ್ಲಿಯೂ ಹುಡುಕಿಕೊಂಡು ಹೋದದ್ದು ನಮ್ಮ ಪಿ-8ಐ ವಿಮಾನ. ಹತ್ತಿರದಲ್ಲಿದ್ದ ಚೀನೀ ಹಡಗಿನವರು ಕೇಳಿಕೊಂಡಾಗ ರಕ್ಷಣಾ ಸಾಮಗ್ರಿಯನ್ನು ಅದು ಮೇಲಿನಿಂದ ಇಳಿಸಿತು. ಕೆಳಗೆ ಬಿದ್ದವರು ಯಾರ ಕಡೆಯವರು ಎಂಬ ಪ್ರಶ್ನೆ ಸಮುದ್ರದ ಮೇಲೆ ಏಳುವುದಿಲ್ಲ ಎಂದು ಕಾಣುತ್ತದೆ.

ಮರುದಿನ ತರಗತಿಯಲ್ಲಿ ಎಲ್ಲವನ್ನೂ ಹೇಳಿದೆ. ಕಪ್ಪುಹಲಗೆಯ ಮೇಲೆ ವಿಮಾನ, ದೋಣಿ, ಪ್ಯಾರಾಚೂಟು ಬರೆದೆ. ಚಿತ್ರ ಬಿಡಿಸುವುದು ನನಗೆ ಬರುವುದಿಲ್ಲ. ಪ್ಯಾರಾಚೂಟು ಅಣಬೆಯ ಹಾಗೆ ಕಂಡಿತೆಂದು ಹುಡುಗರು ನಕ್ಕರು. ಆ ಹುಡುಗಿ ನಗಲಿಲ್ಲ. "ಹಗ್ಗಾನೂ ಸಿಗದೇ ಇದ್ರೆ, ಟೀಚರ್?" ಎಂದಳು.

"ಇನ್ನೊಂದು ಸಲ ಹಾರಿ ಬಂದು ಇನ್ನೊಂದು ಎಸೀತಾರೆ," ಎಂದೆ. ಉತ್ತರ ಅವಳಿಗೆ ಸಾಕೆನ್ನಿಸಿತೋ ಏನೋ, ಕೂತಳು.

ಸಂಜೆ ಅಂಚೆಕಛೇರಿಗೆ ಹೋಗಿ ಹತ್ತು ಕಾರ್ಡು ಕೊಂಡೆ. ಕಾರ್ಡಿಗೆ ಈಗಲೂ ಐವತ್ತೇ ಪೈಸೆ. ಕೌಂಟರಿನ ಹುಡುಗ ನನ್ನನ್ನು ವಿಚಿತ್ರವಾಗಿ ನೋಡಿದ. ಲೆಕ್ಕದಲ್ಲಿ ಚುರುಕಾಗಿದ್ದ ಆ ಹುಡುಗಿಯ ಗಂಡನ ಮನೆಯ ವಿಳಾಸವನ್ನು ಅವಳ ತಾಯಿಯ ಹತ್ತಿರ ಕೇಳಿ ತಂದಿದ್ದೆ. ಅವಳಿಗೀಗ ಎರಡು ಮಕ್ಕಳಂತೆ. ಪಿ.ಯು.ಸಿ. ಪರೀಕ್ಷೆಗೆ ಖಾಸಗಿಯಾಗಿಯೂ ಕೂರಬಹುದು ಎಂದು ಬರೆದೆ. ಮಕ್ಕಳ ಹೆಸರೇನು ಎಂದು ಕೇಳಿದೆ. ಕೊನೆಗೆ, ಅಂದು ಕೇಳಬೇಕಾಗಿದ್ದ ಮಾತನ್ನು ಬರೆದೆ: "ನಿನ್ನ ಪಾಠ ಎಲ್ಲಿಗೆ ಬಂದು ನಿಂತಿತು?"

ಮೂರು ವಾರವಾಯಿತು, ಉತ್ತರ ಬಂದಿಲ್ಲ. ನಾಲ್ಕನೆಯ ಕಾರ್ಡು ಬರೆದಿಟ್ಟಿದ್ದೇನೆ. ನಾಳೆ ಶಾಲೆಗೆ ಹೋಗುವಾಗ ಡಬ್ಬಿಗೆ ಹಾಕಬೇಕು.